ಒಟ್ಜಿಯಾಸ್ ತೀರಕ್ಕೆ ಬಂದ ಶಾಲೆಯ ಮಕ್ಕಳು

ಯೂಲಿದಾ, ಕೇಯಾ ದ್ವೀಪ
17 ಮೇ 1988, ಮಂಗಳವಾರ

ಪ್ರೀತಿಯ ಆರ್ಗಿರೋ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಭಾವನ ಕೆಮ್ಮು? ನಾನು ಚೆನ್ನಾಗಿದ್ದೇನೆ. ಅಮ್ಮನೂ ಗಟ್ಟಿಯಾಗಿದ್ದಾಳೆ, ಆದರೆ ಇವತ್ತು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ.

ಬೆಳಿಗ್ಗೆ ಬ್ರೆಡ್ ತರಲು ಹೋದವಳು ಬರಿಗೈಯಲ್ಲಿ ಓಡಿಬಂದಳು. ನಿಮ್ಮೂರು ಲಾವ್ರಿಯೋದ ಶಾಲೆಯ ಮೂರನೇ ತರಗತಿ ಮಕ್ಕಳು ಹಳೇ ಅವಶೇಷ ನೋಡಲು ಹಡಗಿನಿಂದ ಇಳಿದಿದ್ದಾರೆ ಅಂತ ಬೇಕರಿಯಲ್ಲಿ ಯಾರೋ ಹೇಳಿದರಂತೆ. "ಏಳೋ, ಕಲ್ಲುಸಿಂಹ ನೋಡ್ಕೊಂಡು ಬರೋಣ" ಅಂದಳು. ಹುಟ್ಟಿದಾಗಿನಿಂದ ನೋಡಿದ ಸಿಂಹ! ಅಕ್ಕಾ, ನೀನು ಮದುವೆಯಾದ ಮೇಲೆ ಈ ಹತ್ತು ವರ್ಷ ನಿನ್ನ ಹೆಸರೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದವಳು, ನಿನ್ನ ಮಗಳು ಈಗ ಮೂರನೇ ತರಗತಿ ಅನ್ನುವುದನ್ನು ಹೇಗೆ ತಿಳಿದುಕೊಂಡಿದ್ದಳೋ. ನಾನು ಏನೂ ಗೊತ್ತಿಲ್ಲದವನ ಹಾಗೆ ಹೊರಟೆ.

ಸಿಂಹದ ಬಳಿ ಕಿತ್ತಳೆ ಸಿಪ್ಪೆ ಬಿಟ್ಟರೆ ಯಾರೂ ಇರಲಿಲ್ಲ. ವಾಪಸು ಬಂದು ಗಾಡಿ ಹತ್ತಿ ಆಯಾ ಇರೀನಿಯ ಹಳೇ ಊರಿನ ಪಾಳುಗೋಡೆಗಳ ಹತ್ತಿರ ಹೋದೆವು. ಮಕ್ಕಳು ಅಲ್ಲಿಂದಲೂ ಹೋಗಿಯಾಗಿತ್ತು. ಕಾವಲುಗಾರ ಮಾರ್ಕೌಲಿಸ್ ನಗುತ್ತಾ, "ಕಲಿರೋಯಮ್ಮಾ, ಯಾವಾಗ ಶಾಲೆಗೆ ಸೇರಿದ್ರಿ?" ಅಂದ. "ನಿನ್ನ ಹಾಗೆ ನೆರಳಲ್ಲಿ ತೂಕಡಿಸೋ ಕೆಲಸ ಸಿಗಲಿಲ್ಲ, ಅದಕ್ಕೆ ಸೇರಿದೆ" ಅಂದಳು ಅಮ್ಮ. ಹತ್ತಿರದ ಯಾಲಿಸ್ಕಾರಿ ತೀರದಲ್ಲೂ ಹುಡುಕಿದೆವು. ಅಲ್ಲಿ ಬರೀ ಬಾತುಗಳು. "ನಿನ್ನ ಗಾಡಿಗಿಂತ ನಮ್ಮಪ್ಪನ ಕತ್ತೆ ವಾಸಿ" ಅಂತ ನನಗೆ ಬೈಗುಳ. ಕೈ ಮಾತ್ರ ಮಡಿಲಲ್ಲಿದ್ದ ಎಳ್ಳುಚಿಕ್ಕಿಯ ಪೊಟ್ಟಣವನ್ನು ಹಿಸುಕುತ್ತಲೇ ಇತ್ತು.

ಕೊನೆಗೆ ಒಟ್ಜಿಯಾಸ್ ತೀರದಲ್ಲಿ ಸಿಕ್ಕರು. ಮೂವತ್ತು ಮಕ್ಕಳು, ಎಲ್ಲರಿಗೂ ಒಂದೇ ಥರದ ಬಿಳಿ ಟೋಪಿ. ಅಮ್ಮ ಮರಳಲ್ಲಿ ಅತ್ತಿಂದಿತ್ತ ನಡೆದು ಒಂದೊಂದೇ ಮುಖ ನೋಡಿದಳು. ನಿನ್ನ ಮೂಗು ಹುಡುಕುತ್ತಿದ್ದಳೋ ಏನೋ. ಯಾರೆಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಟೀಚರು, "ಕಲಿರೋಯಿ! ನೀರಿಂದ ಈಚೆ ಬಾ!" ಅಂತ ಕೂಗಿದರು.

"ಬಂದೆ" ಅಂದಳು ಅಮ್ಮ.

ಮೊಣಕಾಲುದ್ದ ನೀರಲ್ಲಿದ್ದ ನಿನ್ನ ಮಗಳೂ "ಬಂದೆ" ಅಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಗುವಿಗೆ ನೀನು ಯಾರ ಹೆಸರಿಟ್ಟಿದ್ದೀಯ ಅಂತ ನಾನು ಅಮ್ಮನಿಗೆ ಹೇಳಿರಲಿಲ್ಲ, ಹೇಳಲು ಅವಳು ಬಿಟ್ಟಿರಲೂ ಇಲ್ಲ. ಮಗು ಹತ್ತಿರ ಬಂದು, "ಅಜ್ಜಿ, ನಿಮ್ಮ ಹೆಸರೂ ಇದೇನಾ? ನಮ್ಮಮ್ಮನ ಅಮ್ಮಂದೂ ಇದೇ. ಆದ್ರೆ ಅವರು ತುಂಬಾ ದೂರದಲ್ಲಿದ್ದಾರಂತೆ" ಅಂದಳು.

ಹಡಗಿನಲ್ಲಿ ಒಂದು ಗಂಟೆಯ ದಾರಿ, ಅಕ್ಕಾ.

ಅಮ್ಮ ಪೊಟ್ಟಣವನ್ನು ಮಗುವಿನ ಕೈಗಿಟ್ಟು, ಒದ್ದೆ ಟೋಪಿಯನ್ನು ಸರಿಮಾಡಿ, ಬಿರಬಿರನೆ ಗಾಡಿಗೆ ಬಂದು ಕೂತಳು. ಮನೆಗೆ ಬಂದ ಮೇಲೂ ಕಿಟಕಿಗೂ ಬಾಗಿಲಿಗೂ ತಿರುಗುತ್ತಲೇ ಇದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಎರಡು ಸಲ ಬಂದು ಇಣುಕಿದಳು.

ಭಾವನಿಗೆ ನನ್ನ ನಮಸ್ಕಾರ, ಮಗುವಿಗೆ ಎರಡು ಮುತ್ತು. ದೇವಮಾತೆ ನಿಮ್ಮನ್ನು ಕಾಯಲಿ.

ನಿನ್ನ ತಮ್ಮ,
ಪಾಂಡೆಲಿಸ್

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದಳು. ಗುರುವಾರ ಬೆಳಗಿನ ಹಡಗಿಗೆ ನಿನ್ನಲ್ಲಿಗೆ ಬರುತ್ತಾಳಂತೆ, ಒಬ್ಬಳೇ. ಅದಕ್ಕೇ ಈ ಕಾಗದವನ್ನು ನಾಳೆಯ ಹಡಗಿನವರ ಕೈಯಲ್ಲೇ ಕಳಿಸುತ್ತೇನೆ. ಹೀಗೆ ಬರೆ ಅಂದಳು: "ಅವಳು ಬಂದರಿಗೆ ಬರೋದು ಬೇಡ. ಬಾಗಿಲು ತೆಗೀದೇ ಇದ್ರೂ ಬೇಜಾರಿಲ್ಲ. ಸಂಜೆ ಹಡಗಿನ ತನಕ ಆಚೆ ಮೆಟ್ಟಿಲ ಮೇಲೆ ಕೂತಿರ್ತೀನಿ." ಅಕ್ಕಾ, ಬಂದರಿಗೆ ಹೋಗು.