ಕೆಂಪು ಬುಡದ ಹಸಿರು ಕಂದು

೧೧ ಜೂನ್ ೧೯೫೦, ಭಾನುವಾರ

ಪೇಪರ್ ಓದಿ ಮುಗಿಸಿ ಕಾಲೇಜಿನ ಲ್ಯಾಬಿಗೆ ಹೊರಟಿದ್ದೆ. ಕಮಲಾಪುರದ ಮಾವ ಹಣಮಂತರಾಯರು ಬರಹೇಳಿ ಆಳು ಕಳಿಸಿದರು. ಮಾವ ಅಲ್ಲಿನ ಪಂಚರಲ್ಲಿ ಒಬ್ಬರು. ಹೋದೆ. ಬಾಳೆ ತೋಟದ ತಕರಾರು. ಎರಡು ವರ್ಷದ ಹಿಂದೆ ಪೊಲೀಸ್ ಆಕ್ಷನ್ ಹೊತ್ತಿಗೆ ಹೈದರಾಬಾದಿಗೆ ಹೋಗಿದ್ದ ಮೆಹಬೂಬಿ ಈಗ ಮರಳಿದ್ದಾಳೆ. ಅವಳ ತೋಟಕ್ಕೂ ಪಕ್ಕದ ತೋಟಕ್ಕೂ ನಡುವಿನ ಬದು ಮಳೆಗೆ ಕೊಚ್ಚಿಹೋಗಿದೆ. ಊರವರ ಲೆಕ್ಕ ಬಣ್ಣದ್ದು — ಕೆಂಪು ಬಾಳೆ ಅವಳದು, ಹಸಿರು ಬಾಳೆ ಪಕ್ಕದ ಅಮೋಘಪ್ಪನದು. ಈಗ ಕೆಂಪಿನ ನಡುವೆ ಹಸಿರು ಕಂದುಗಳು, ಬುಡದ ಮರಿಗಿಡಗಳು, ಎದ್ದಿವೆ. ಅಲ್ಲಿಯವರೆಗೂ ನೆಲ ತನ್ನದೇ ಎನ್ನುತ್ತಾನೆ ಅವನು. ಒಪ್ಪಿದರೆ ಅವಳ ಅರ್ಧ ತೋಟ ಹೋಯಿತು.

ಕೆಂಪು ಬುಡದಿಂದಲೂ ಒಮ್ಮೊಮ್ಮೆ ಹಸಿರು ಬರುತ್ತದೆ ಎಂದೆ.

“ಎಮ್ಮಿ ಹೊಟ್ಟ್ಯಾಗ ಆಕಳ ಕರಾ ಹುಟ್ತದೇನ್ರಿ, ಮಾಸ್ತರ?” ಅಂದ ಅಮೋಘಪ್ಪ. ಪಂಚರೆಲ್ಲ ನಕ್ಕರು. ಮಾವನೂ.

೧೪ ಜೂನ್

ಕಲಬುರಗಿ. ಲ್ಯಾಬ್. ಮೈಕ್ರೋಸ್ಕೋಪಿನ ಕೆಳಗೆ ಈರುಳ್ಳಿ ಬೇರು. ಒಂದು ಸೆಲ್ ಎರಡಾಗುತ್ತಿದೆ. ಕ್ರೋಮೋಸೋಮುಗಳ ಸಮಪಾಲು. ಕೆಲವು ಭಾಗ ಬಿಗಿಯಾಗಿ ಸುತ್ತಿಕೊಂಡು ಕಪ್ಪಗಿವೆ, ಕೆಲವು ಸಡಿಲ. ಯಾವ ಗುಣ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು — ಅದೂ ತಾಯಿ ಸೆಲ್‌ನಿಂದ ಮಗಳಿಗೆ ಹೋಗುತ್ತಿರಬೇಕು… ಇಲ್ಲದಿದ್ದರೆ ಬೇರಿನ ಸೆಲ್‌ನಿಂದ ಬೇರಿನ ಸೆಲ್ಲೇ ಏಕೆ ಹುಟ್ಟಬೇಕು? ಎಂದೋ ಒಮ್ಮೆ ನಕಲು ತಪ್ಪುತ್ತದೆ. ಮುಂದಿನ ಸೆಲ್‌ಗಳು ಆ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತವೆ. ಹಸಿರು ಕಂದಿನದೂ ಇಂಥದೇ ಕಥೆ. ಅನುಮಾನವಿಲ್ಲ.

ಆದರೆ ಪಂಚರು ಸ್ಲೈಡ್ ನೋಡುವವರಲ್ಲ. ಬುಡ ಅಗೆದು, ಕೆಂಪೂ ಹಸಿರೂ ಒಂದೇ ಗಡ್ಡೆಯಿಂದ ಎದ್ದಿದ್ದನ್ನು ತೋರಿಸಬೇಕು. ಮಾವನಿಗೆ ಹೇಳಿಕಳಿಸಿದೆ.

೨೮ ಜೂನ್, ಸಂಜೆ

ಪೇಪರಿನ ತುಂಬ ಕೊರಿಯಾ ಯುದ್ಧ. ಕಮಲಾಪುರದ ಬಸ್ಸಿನಲ್ಲೇ ಓದಿದೆ.

ತೋಟದಲ್ಲಿ ಎಲ್ಲರೂ ಸೇರಿದ್ದರು. “ಅಗೀರಿ ಸಾಬ್. ಗಡ್ಡಿ ಬ್ಯಾರೆ ಇದ್ರ ನಾನೇ ಬಿಟ್ಟಕೊಡ್ತೀನಿ,” ಅಂದಳು ಮೆಹಬೂಬಿ.

ಮೊದಲ ಗುಂಡಿ — ಹಸಿರಿಗೆ ಬೇರೆಯೇ ಗಡ್ಡೆ. “ಆತಲ್ರಿ?” ಅಂದ ಅಮೋಘಪ್ಪ. ಇನ್ನೊಂದು ಅಗೆಯಿರಿ ಎಂದೆ.

ಎರಡನೆಯದು — ಗಡ್ಡೆ ಒಂದೇ. ಒಂದು ಮಗ್ಗುಲಿಗೆ ಕೆಂಪು ಕಂದು, ಇನ್ನೊಂದು ಮಗ್ಗುಲಿಗೆ ಹಸಿರು. ಮೂರನೆಯದೂ ಹಾಗೆಯೇ. ಅಮೋಘಪ್ಪ ಗುಂಡಿಗಿಳಿದು, ಮಣ್ಣು ಒರೆಸಿ, ಬೆರಳಿನಿಂದ ಸಂದು ಹುಡುಕಿದ. ಬಹಳ ಹೊತ್ತು.

“ಒಂದೇ ಅದ ರೀ,” ಅಂದ ಕೊನೆಗೆ.

ಕೊನೆಯ ಕೆಂಪು ಬುಡದ ಆಚೆಗೆ ಮಾವ ಹೊಸ ಬದುವಿನ ಗುರುತಿಗೆ ಹಗ್ಗ ಹಿಡಿಸಿದರು. ಮೊದಲ ಗುಂಡಿಯ ಗಿಡ ಅಮೋಘಪ್ಪನಿಗೆ. ತೋಟ ಮೆಹಬೂಬಿಗೆ ಉಳಿಯಿತು.

“ನಾಳೆ ನನ್ನ ಹಸರಿನ್ಯಾಗ ಕೆಂಪು ಎದ್ದರ, ಮಾಸ್ತರ?” ಅಂದ ಅಮೋಘಪ್ಪ.

ನನಗಿಂತ ಮೊದಲೇ ಮೆಹಬೂಬಿ ಅಂದಳು — “ನಿಂದೇ ಇರ್ಲಿ ಬಿಡು, ತಮ್ಮಾ. ಗೊನಿ ಬಿಟ್ಟಾಗ ಒಂದ ಹಣ್ಣ ನನಗ ಕೊಟ್ಟರ ಸಾಕು.”