ನಮಗೊಂದು ‘ಇಲ್ಲ’ ದಯಪಾಲಿಸಿ

ಮಾನ್ಯ ಆರೋಗ್ಯ ಸಚಿವರೇ,

‘ಡಾಕ್ಟ್ರೇ’ ಎಂದು ಬರೆಯಹೊರಟ ಕೈಯನ್ನು ತಡೆದು ‘ಮಾನ್ಯ’ ಎಂದು ಬರೆದಿದ್ದೇನೆ. ನೀವು ರಾಜಧಾನಿಗೆ ಹೋದಂದಿನಿಂದ ನಿಮ್ಮ ಹಳೆಯ ದವಾಖಾನೆಗೆ ಡಾಕ್ಟರಿಲ್ಲ. ದೇಶದ ಆರೋಗ್ಯವನ್ನೆಲ್ಲ ಹೊತ್ತವರ ಸ್ವಂತ ಕುರ್ಚಿಯೇ ಖಾಲಿ. ಆ ಕುರ್ಚಿಯಿಂದ ನಿಮ್ಮನ್ನು ಎಬ್ಬಿಸಿ ಕಳುಹಿಸಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಪತ್ರದ ಅರ್ಧ ದೂರು ನಿಮ್ಮ ಮೇಲೆ, ಇನ್ನರ್ಧ ನನ್ನ ಮೇಲೆ. ಪ್ರತಿಯೊಂದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಯಾವುದು ಹೆಚ್ಚು ತೂಗುತ್ತದೆಂದು ಓದಿದವರು ಹೇಳಲಿ.

ನಾನು ದವಾಖಾನೆಯ ಎದುರಿನ ಹೊಲಿಗೆ ಅಂಗಡಿಯವಳು. ನಿಮ್ಮ ಬಿಳಿ ಕೋಟಿನ ಜೇಬು ಹರಿದಾಗಲೆಲ್ಲ ಹೊಲಿದುಕೊಟ್ಟು, ಸ್ಟೆತಾಸ್ಕೋಪನ್ನು ಹಾಗೆ ತುರುಕಬೇಡಿ ಎಂದು ಬೈಯುತ್ತಿದ್ದವಳು. ಚುನಾವಣೆಗೆ ನಿಲ್ಲಿ ಎಂದು ಊರಿನವರೆಲ್ಲ ನಿಮ್ಮ ವರಾಂಡದಲ್ಲಿ ಸೇರಿದ್ದು ನೆನಪಿದೆಯೇ? “ನಾನು ಹೋದ್ರೆ ಇವರನ್ನೆಲ್ಲ ಯಾರು ನೋಡ್ತಾರೆ?” ಎಂದು ನೀವು ರೋಗಿಗಳ ಬೆಂಚಿನತ್ತ ಕೈ ತೋರಿಸಿದಿರಿ. ಆಗ ಬಾಯಿ ತೆರೆದವಳು ನಾನು. “ದೇಶಾನೇ ನೋಡೋರಿಗೆ ನಮ್ಮೂರು ಕಾಣಲ್ವಾ ಡಾಕ್ಟ್ರೇ?” ಎಂದೆ. ಚಪ್ಪಾಳೆ ಬಿತ್ತು, ನೀವೂ ನಕ್ಕಿರಿ. ಆಮೇಲೆ ಅದೇ ಮಾತನ್ನು ಗೋಡೆಗಳ ಮೇಲೆಲ್ಲ ಬರೆಸಿದರು. ಸುಣ್ಣ ಬಳಿದರೂ ಅಕ್ಷರಗಳು ಇನ್ನೂ ಇಣುಕುತ್ತವೆ. ಆ ಗೋಡೆಗಳ ಪಕ್ಕ ನಡೆಯುವಾಗ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ನೀವು ಅಲ್ಲಿ ಲಂಚ ತಿಂದುಕೊಂಡು ಕೂತಿದ್ದರೆ ಎಷ್ಟು ಚೆನ್ನಾಗಿತ್ತು! ನಾಲ್ಕು ಬೈಗುಳ ಬರೆದು ಹಗುರಾಗುತ್ತಿದ್ದೆ. ಆದರೆ ಬಾಣಂತಿಯರಿಗೆ ಸಂಬಳದ ರಜೆ ತಂದವರು ನೀವು. ಗಣಿ ಕೆಲಸಗಾರರ ಕೆಮ್ಮೂ ಕಾಯಿಲೆಯೇ ಎಂದು ಕಾನೂನಿನಲ್ಲಿ ಬರೆಸಿದವರು ನೀವು. ಔಷಧ ಕಂಪನಿಗಳ ಧಣಿಗಳು ನಿಮ್ಮ ಹೆಸರೆತ್ತಿದರೆ ಮುಖ ಹುಳಿ ಮಾಡುತ್ತಾರಂತೆ. ಕೇಳಿ ನಮಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಮ್ಮ ವಿರೋಧಿಗಳು ಈ ಪತ್ರ ಹಿಡಿದು ಸದನದಲ್ಲಿ ಕುಣಿಯುತ್ತಾರೆಂದು ಬಲ್ಲೆ. ಅವರ ಕಾಲದಲ್ಲಿ ಬಂದ ದವಾಖಾನೆ ಒಂದಾದರೂ ಇದೆಯೇ ಎಂದು ಅವರನ್ನೂ ಕೇಳಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಹಿತ್ತಲ ಗಿಡ ಮದ್ದೇ ಆಗಿತ್ತು. ಅದನ್ನು ಬೇರುಸಹಿತ ಕಿತ್ತು ರಾಜಧಾನಿಯಲ್ಲಿ ನೆಟ್ಟು ಬಂದವರು ನಾವೇ.

ನನ್ನ ತಕರಾರು ಒಂದೇ ಒಂದು ಪದದ ಮೇಲೆ. ನೀವು ಡಾಕ್ಟರಾಗಿದ್ದಾಗ “ಎಲ್ಲಿ, ನೋಡೋಣ” ಎಂದರೆ ಕೈ ತೊಳೆದು, ಒರೆಸಿಕೊಂಡು, ಬಗ್ಗಿ ನೋಡುತ್ತಿದ್ದಿರಿ. ಮಕ್ಕಳು ತಾವಾಗಿ ನಾಲಿಗೆ ಚಾಚುತ್ತಿದ್ದರು. ದಾರಿಯಲ್ಲಿ ಸಿಕ್ಕವರಿಗೆ “ನೋಡೋಣ” ಎಂದರೆ ಸಂಜೆಗೆ ನಿಮ್ಮ ಸ್ಕೂಟರು ಅವರ ಮನೆ ಮುಂದೆ ನಿಂತಿತೆಂದೇ ಅರ್ಥ. ‘ಯಾವಾಗ’ ಎಂದು ಯಾರೂ ಕೇಳುತ್ತಿರಲಿಲ್ಲ. ಸಚಿವರ ಭಾಷೆಯಲ್ಲೂ ಅದೇ ಪದವಿದೆ, ಅಲ್ಲಿ ಅದರ ಅರ್ಥ ‘ಇನ್ನು ಹೊರಡಿ’ ಎಂದು ನಮಗೆ ಹೇಳಿಕೊಟ್ಟವರು ಯಾರು?

ಹೊಸ ಸೇತುವೆಯ ಉದ್ಘಾಟನೆಗೆ ನೀವು ಬಂದ ದಿನ ನಾನು ಪೊಲೀಸರ ಹಗ್ಗದಡಿ ನುಸುಳಿ ನಿಮ್ಮ ಕಾರಿನ ಬಳಿ ಬಂದೆ. ನನ್ನ ಗಂಡನ ತಂಗಿಗೆ ಸಕ್ಕರೆ ಕಾಯಿಲೆ. ನನ್ನ ಅಂಗಡಿಯ ಎರಡನೆಯ ಯಂತ್ರ ತುಳಿಯುವವಳು ಅವಳೇ. ಅವಳ ಬಲಗಾಲಿನ ಹುಣ್ಣು ಮಾಯುತ್ತಿರಲಿಲ್ಲ. ಅಂದು ಪೇಟೆಯ ದೊಡ್ಡಾಸ್ಪತ್ರೆಗೆ ಹೊರಡಲು ಅವಳು ಚೀಲ ಕಟ್ಟಿ ಕೂತಿದ್ದಳು.

“ಏನಮ್ಮಾ, ಇನ್ನೂ ಜೇಬು ಹೊಲೀತಿದೀಯಾ?” ಎಂದು ನೀವೇ ಗುರುತು ಹಿಡಿದು ಕೇಳಿದಿರಿ.

“ಜೇಬಿರ್ಲಿ ಡಾಕ್ಟ್ರೇ, ದವಾಖಾನೆಗೆ ಯಾರನ್ನಾದ್ರೂ ಕಳ್ಸಿ. ನಮ್ಮ ನಾದಿನಿ ಕಾಲಿನ ಹುಣ್ಣು ಕಪ್ಪಾಗ್ತಿದೆ.”

“ಹೌದಾ? ನೋಡೋಣ, ನೋಡೋಣ.”

ಎರಡು ಸಲ ಅಂದಿರಿ. ಒಂದು ಸಲಕ್ಕೇ ಸ್ಕೂಟರು ಬರುತ್ತಿದ್ದಾಗ ಎರಡು ಸಲಕ್ಕೆ ಏನೇನು ಬರಬಹುದೆಂದು ಎಣಿಸುತ್ತಾ ಮನೆಗೆ ಓಡಿದೆ.

“ಚೀಲ ಬಿಚ್ಚೇ! ಡಾಕ್ಟ್ರು ನೋಡೋಣ ಅಂದ್ರು!”

“ಅವರೇ ಅಂದ್ರಾ ಅತ್ತಿಗೆ? ಮತ್ತೆ ಪೇಟೆಗ್ಯಾಕೆ ಹೋಗ್ಬೇಕು, ಬಿಡಿ,” ಎಂದು ಅವಳು ಬಟ್ಟೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು.

ನಾನು ದರ್ಜಿ, ಸಚಿವರೇ. ‘ನಾಳೆ ಕೊಡ್ತೀನಿ’ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಬಟ್ಟೆಗೆ ಕತ್ತರಿಯೇ ಹಾಕದೆ ‘ಗುಂಡಿ ಒಂದು ಬಾಕಿ’ ಎಂದು ಎಷ್ಟು ಜನರನ್ನು ಸಾಗಹಾಕಿಲ್ಲ ನಾನು! ಜಗತ್ತಿನಲ್ಲಿ ಯಾರು ಮೋಸಹೋದರೂ ನಾನು ಹೋಗಬಾರದಿತ್ತು. “ಕಾಲು ಭಾರ ಅನ್ನಿಸ್ತಿದೆ ಅತ್ತಿಗೆ, ಹೋಗೋಣ್ವಾ?” ಎಂದು ಅವಳು ಕೇಳಿದಾಗಲೂ “ತಾಳು, ಇನ್ನೇನು ಯಾರನ್ನಾದ್ರೂ ಕಳಿಸೇ ಕಳಿಸ್ತಾರೆ” ಎಂದೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡೆವು ಅನ್ನುತ್ತಾರಲ್ಲ, ನಾನು ಅಷ್ಟೂ ಮಾಡಲಿಲ್ಲ. ನನ್ನ ಕಾಲನ್ನು ಭದ್ರವಾಗಿಟ್ಟುಕೊಂಡು ಅವಳ ಕಾಲ ಮೇಲೆ ಹಾಕಿದೆ.

ಜ್ವರ ಏರಿ ಅವಳನ್ನು ಪೇಟೆಗೆ ಹೊತ್ತೊಯ್ದಾಗ ಅಲ್ಲಿನ ಸರ್ಜನ್ “ಇಷ್ಟು ದಿನ ಏನ್ಮಾಡ್ತಿದ್ರಿ?” ಎಂದು ಕೇಳಿದರು.

“ನೋಡೋಣ ಅಂದಿದ್ರು ಸಾರ್.”

“ಯಾರು?”

“ಸಚಿವರು.”

“ಅಯ್ಯೋ, ಸಚಿವರ ಮಾತು ನಂಬ್ಕೊಂಡು ಕೂತಿದ್ರಾ?”

ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಆಕೆ ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ನನಗೆ ಊಟ ಸೇರುತ್ತಿತ್ತು. ನಿಮ್ಮನ್ನಂತೂ ದೂರುವುದೇ ಇಲ್ಲ. “ಪಾಪ, ಅವರಿಗೆಷ್ಟು ಕೆಲಸವೋ” ಎನ್ನುತ್ತಾಳೆ. ಮನೆಗೆ ಬಂದವಳು ಎಡಗಾಲೊಂದರಲ್ಲೇ ಯಂತ್ರ ತುಳಿಯತೊಡಗಿದಳು. ಹಾಗೆ ತುಳಿದು ತುಳಿದು ಕಳೆದ ತಿಂಗಳು ಆ ಪಾದದಲ್ಲೂ ಬೊಕ್ಕೆ ಎದ್ದಿತು. ಹೊರಡೋಣ ಎಂದರೆ ಒಪ್ಪಲಿಲ್ಲ. ಆ ಆಸ್ಪತ್ರೆಯ ಹೆಸರೆತ್ತಿದರೆ ಅವಳಿಗೆ ನಡುಕ.

“ಡಾಕ್ಟ್ರ ಕಿವಿಗೊಂದು ಮಾತು ಹಾಕಿ ಅತ್ತಿಗೆ. ಅವರು ಹೇಳಿದ ಹಾಗೆ ಮಾಡೋಣ.”

ಮೊಬೈಲ್ ಹಿಡಿದು ಅಂಗಡಿಯ ಹಿಂದೆ ಹೋದೆ. ನಿಮಗೆ ಫೋನ್ ಮಾಡಲಿಲ್ಲ. ಮಾಡಿದರೆ ಏನು ಹೇಳುತ್ತೀರೆಂದು ಗೊತ್ತಿತ್ತು. ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತು ಒಳಗೆ ಬಂದು ಹೇಳಿದೆ: “ಮಾತಾಡಿದೆ ಕಣೇ. ‘ಇಲ್ಲ, ದವಾಖಾನೆಗೆ ಈಗ ಯಾರೂ ಬರಲ್ಲ. ನನ್ನನ್ನ ನಂಬ್ಕೊಂಡು ಕೂರಬೇಡ, ಇವತ್ತೇ ಪೇಟೆಗೆ ಕರ್ಕೊಂಡು ಹೋಗು’ ಅಂದ್ರು.”

ಅವಳ ಮುಖ ಅರಳಿತು. “ನೋಡಿದ್ರಾ, ಅಷ್ಟು ಕೆಲಸದ ನಡುವೆ ನನ್ನ ಕಾಲು ನೆನಪಿಟ್ಕೊಂಡಿದಾರೆ!” ಎನ್ನುತ್ತಾ ತಾನೇ ಊರುಗೋಲು ಎತ್ತಿಕೊಂಡಳು. ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಆ ಕಾಲು ಉಳಿಯಿತು. ಉಳಿಸಿದ್ದು ನೀವು ಹೇಳದೇ ಹೋದ ಒಂದು ‘ಇಲ್ಲ’.

ಆದರೆ ಊರಿನವರಿಗೆಲ್ಲ ನಿಮ್ಮ ಪರವಾಗಿ ಸುಳ್ಳು ಹೇಳಲು ನನ್ನಿಂದಾದೀತೇ? ನಿಮ್ಮ ಕಾಲದ ಆಯಮ್ಮ ದಿನವೂ ದವಾಖಾನೆಯ ಬಾಗಿಲು ತೆಗೆದು ಕಸ ಗುಡಿಸುತ್ತಾಳೆ. ಸಚಿವರ ಸ್ವಂತ ದವಾಖಾನೆಯಲ್ಲವೇ, ಇವತ್ತಲ್ಲ ನಾಳೆ ಯಾರಾದರೂ ಬಂದೇ ಬರುತ್ತಾರೆಂದು ಜನ ಆ ಬೆಂಚಿನ ಮೇಲೆ ಬಂದು ಕೂರುತ್ತಾರೆ. ನನ್ನ ಯಂತ್ರದ ಮುಂದೆ ಕೂತರೆ ಅವರ ಮುಖಗಳೇ ಕಾಣುತ್ತವೆ. ಇದು ಬರೀ ಕಾಯಿಲೆಯವರ ಬೆಂಚು ಅಂದುಕೊಂಡಿದ್ದೀರಾ? ಪೇಟೆಗೆ ಹೋಗಬೇಕಾಗಿದ್ದೂ ಹೋಗದೆ ಕೂತವರ ಬೆಂಚು.

ಆದ್ದರಿಂದ ತಮ್ಮ ಘನ ಅವಗಾಹನೆಗೆ ನನ್ನ ಬೇಡಿಕೆ ಇಷ್ಟು. ಡಾಕ್ಟರನ್ನು ಕಳುಹಿಸುವುದಾದರೆ ಈಗಲೇ ಕಳುಹಿಸಿ. ಆಗದಿದ್ದರೆ ಆಗುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಊರಿಗೆ ಹೇಳಿ. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ. ಅದು ‘ನೋಡೋಣ’ಕ್ಕೆ ಕೋಟು ತೊಡಿಸಿದ್ದು ಅಷ್ಟೇ.

ನನ್ನ ಸ್ವಂತದ್ದೂ ಒಂದು ಬೇಡಿಕೆ ಇದೆ. ನಾದಿನಿಗೆ ಓದಲು ಬಾರದು. ಆದರೆ ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದರೆ ಯಾರಾದರೂ ಅವಳಿಗೆ ಓದಿ ಹೇಳಿಯೇ ಹೇಳುತ್ತಾರೆ. ನೀವು ಅವಳ ಕಾಲನ್ನು ನೆನಪಿಟ್ಟುಕೊಂಡಿರಲಿಲ್ಲ ಎಂದು ಆಗ ಅವಳಿಗೆ ತಿಳಿಯುತ್ತದೆ. ಕಾಲು ಕಳೆದಿದ್ದು ಸಾಲದೆ ಅವಳ ಡಾಕ್ಟರನ್ನೂ ನಾನೇ ಕಸಿದುಕೊಂಡ ಹಾಗಾಗುತ್ತದೆ. ಅದಕ್ಕೂ ಮೊದಲು ಒಂದು ಫೋನ್ ಮಾಡಿ, ಕಾಲು ಹೇಗಿದೆ ಎಂದು ಕೇಳಿಬಿಡಿ. ನಂಬರು ಹಳೆಯದೇ. ಮಧ್ಯಾಹ್ನ ನಾನು ಮೊಬೈಲನ್ನು ಅಂಗಡಿಯಲ್ಲೇ ಬಿಟ್ಟು ಬಟ್ಟೆ ಕೊಡಲು ಹೋಗಿರುತ್ತೇನೆ, ಅವಳೇ ಎತ್ತುತ್ತಾಳೆ.

ಇಂತಿ,
ನಿಮ್ಮನ್ನು ಗೆಲ್ಲಿಸಿ ಮನೆಯವಳನ್ನು ಸೋಲಿಸಿದ,
ದವಾಖಾನೆ ಎದುರಿನ ದರ್ಜಿ