ನೂರಕ್ಕೆ ನೂರು ಫೀ ಮಾಫಿ

ಹಲಬರ್ಗಾ, ತಾ. ಭಾಲ್ಕಿ
೨೬ ಮೇ ೨೦೨೫, ಸೋಮವಾರ

ಸಿದ್ದೇಶ್ವರಿಯ ಅಪ್ಪನಿಗೆ ಚಂದ್ರಭಾಗಾ ಮಾಡುವ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ದಿನಕ್ಕೆ ಹನ್ನೆರಡು ತಾಸು ಗೇಟಿನ ಮುಂದೆ ನಿಲ್ಲುವವರು, ಕೊಟ್ಟು ಕಳಿಸಿದ ಎಣ್ಣೆಯನ್ನಾದರೂ ತಿಕ್ಕಿಕೊಳ್ಳುತ್ತೀರೋ, ಬಾಟಲಿ ಹಾಗೇ ಇದೆಯೋ. ನಾವಿಲ್ಲಿ ಆರಾಮವಾಗಿದ್ದೇವೆ. ಫೋನಿನಲ್ಲಿ ನಾನು ನಾಲ್ಕು ಮಾತು ಹೇಳುವಷ್ಟರಲ್ಲಿ ನಿಮ್ಮ ಗೇಟಿಗೆ ಯಾರದೋ ಕಾರು ಬಂದುಬಿಡುತ್ತದೆ. ಅದಕ್ಕೇ ನಿಮ್ಮ ಹೈದರಾಬಾದಿಗೆ ಹೊರಟಿರುವ ನಮ್ಮೂರ ಗೋರಖನಾಥನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಪೂರ್ತಿ ಓದಿ.

ಮಗಳು ಹತ್ತನೆಯದರಲ್ಲಿ ೬೧೪ ತೆಗೆದಳೆಂದು ನೀವು ಅಲ್ಲಿ ಪೇಢಾ ಹಂಚಿದಿರಿ. ನಾನು ಇಲ್ಲಿ ಮೂರು ವಾರದಿಂದ ಕಾಲೇಜು ಸುತ್ತಿ ಸುತ್ತಿ ಹೇಸಿಹೋಗಿದ್ದೇನೆ. ಜಾಣ ಮಕ್ಕಳಿಗೆ ನೂರಕ್ಕೆ ನೂರು ಫೀ ಮಾಫಿ ಎಂದು ಕಂಡ ಕಂಡ ಗೋಡೆಗೆಲ್ಲ ಬರೆದಿದ್ದಾರೆ. ಔರಾದಿನ ಒಂದು ಕಾಲೇಜಿನವರು ಸ್ಕಾಲರ್‌ಶಿಪ್ ಪರೀಕ್ಷೆ ಇಟ್ಟಿದ್ದರು. ಫಾರ್ಮಿನಲ್ಲಿ ಇನ್ನೊಬ್ಬರ ಹೆಸರು, ನಂಬರು ಬೇಕೆಂದಾಗ ಪಕ್ಕದ ಮನೆಯ ಧೊಂಡಿಬಾ ಕಾಕಾನದು ಬರೆಸಿದೆ. ಪರೀಕ್ಷೆಗೆ ಇನ್ನೂ ಎರಡು ದಿನ ಇರುವಾಗಲೇ ಕಾಕಾನ ಫೋನಿಗೆ ಮೆಸೇಜು ಬಂತು: ಪ್ರತಿಭಾವಂತ ವಿದ್ಯಾರ್ಥಿ ಧೊಂಡಿಬಾ ಅವರಿಗೆ ಎಪ್ಪತ್ತೈದು ಪರ್ಸೆಂಟ್ ಮಾಫಿ ಸಿಕ್ಕಿದೆಯಂತೆ! ಅರವತ್ತು ದಾಟಿದ, ಕುರಿ ಕಾಯುವ ಮನುಷ್ಯ. “ನನ್ನ ಸೀಟ ಬೇಕಾದರ ಸಿದ್ದಿಗಿ ಕೊಡ್ತೇನಿ, ನಾ ಕುರಿ ಬಿಟ್ಟು ಬರಂಗಿಲ್ಲ” ಎಂದು ಕಾಕಾ ಊರೆಲ್ಲ ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಭಾಲ್ಕಿಯ ಆ ದೊಡ್ಡ ಕಾಲೇಜು. ಸನ್ಮಾನಕ್ಕೆ ಕರೆದರು, ಸಿದ್ದಿಗೆ ಶಾಲು ಹೊದಿಸಿದರು, ಇಷ್ಟನ್ನು ನಿಮಗೆ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಈಗ ಕೇಳಿ. ಚೇರ್ಮನ್ನರ ಹೆಂಡತಿ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದರು. “ಇನ್ನ ಮ್ಯಾಲ ಸಿದ್ದಿ ನಮ್ಮನಿ ಮಗಳರಿ” ಎಂದರು. ಉಡಿ ತುಂಬಿದವರ ಮುಂದೆಯೇ ಅವರ ಕಾಗದವನ್ನು ಓದಿ ನೋಡುವುದು ಹೇಗೆ? ಮರ್ಯಾದೆಯಲ್ಲ ಎನ್ನಿಸಿತು. ತೋರಿಸಿದಲ್ಲಿ ಸಹಿ ಹಾಕಿ, ಅಸಲು ಅಂಕಪಟ್ಟಿ, ಟಿ.ಸಿ. ಎರಡನ್ನೂ ಅವರ ಕೈಗೇ ಕೊಟ್ಟು ಬಂದೆ. ಅಂಥ ಹುಚ್ಚಿ ನಾನು.

ನಾಲ್ಕು ದಿನಕ್ಕೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಗಳ ಫ್ಲೆಕ್ಸ್ ಎದ್ದಿತ್ತು. ‘ನಮ್ಮ ಕಾಲೇಜಿನ ಹೆಮ್ಮೆ’ ಅಂತೆ. ಆ ಕಾಲೇಜಿನ ಬೆಂಚಿನ ಮೇಲೆ ಅವಳು ಒಂದು ದಿನವೂ ಕೂತಿಲ್ಲ. ಸಿದ್ದಿಯ ಗೆಳತಿ ಸಾನಿಯಾಳ ಸೋದರತ್ತೆ ಮಹಮೂದಾ ಬೇಗಂ ಬೀದರಿನಲ್ಲಿ ಟೀಚರು. ಕಾಗದವನ್ನು ಅವರಿಗೆ ತೋರಿಸಿದೆ. ಅವರು ಎರಡು ಸಲ ಓದಿ, “ಮಾಫಿ ಅನ್ನೋದು ಮ್ಯಾಲಿನ ಸಾಲಿನಾಗ ಅಷ್ಟೇ ಅದರಿ ಚಂದ್ರಭಾಗಾಬಾಯಿ” ಎಂದರು. ಎರಡು ವರ್ಷದ ಫೀ ಮೊದಲೇ ಕಟ್ಟಬೇಕು. ಪ್ರತಿ ತಿಂಗಳ ಪರೀಕ್ಷೆಯಲ್ಲೂ ತೊಂಬತ್ತೈದರ ಮೇಲೆ ಬಂದರೆ ಕೊನೆಗೆ ವಾಪಸ್ಸು. ಒಂದು ತಿಂಗಳು ಜ್ವರ ಬಂದು ಮಲಗಿದರೆ ಎಲ್ಲ ಹೋಯಿತು. ಬೀದರಿನಲ್ಲಿ ಫ್ಲೆಕ್ಸು, ಶಾಲು ಏನೂ ಇಲ್ಲದ ಒಂದು ಸಣ್ಣ ಕಾಲೇಜಿದೆ, ಅಲ್ಲಿಗೂ ಅವರೇ ಕರೆದೊಯ್ದರು. ಅಂಕ ನೋಡಿ, ಎರಡು ವರ್ಷ ಫೀಯೂ ಇಲ್ಲ, ಹಾಸ್ಟೆಲ್ ಖರ್ಚೂ ಇಲ್ಲ ಎಂದು ಪ್ರಿನ್ಸಿಪಾಲರು ಬರೆದು ಸಹಿ ಮಾಡಿ ಕೊಟ್ಟಿದ್ದಾರೆ. ಆದರೆ ಶನಿವಾರದೊಳಗೆ ಅಸಲು ಅಂಕಪಟ್ಟಿ, ಟಿ.ಸಿ. ಕೊಡಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ.

ಇವತ್ತು ಬೆಳಿಗ್ಗೆ ಭಾಲ್ಕಿಗೆ ಹೋದೆ. ಉಡಿಯ ಅಕ್ಕಿಯನ್ನು ಹುಗ್ಗಿ ಮಾಡಿ ಉಂಡಾಗಿತ್ತು, ಅಷ್ಟೇ ಅಕ್ಕಿಯನ್ನು ಮನೆಯಿಂದ ಅಳೆದುಕೊಂಡು, ಕಾಯಿ, ಖಣ ಸಮೇತ ಚೇರ್ಮನ್ನರ ಟೇಬಲ್ಲಿನ ಮೇಲೆ ಇಟ್ಟೆ. ತುಂಬಿದ ಉಡಿಯನ್ನು ತಿರುಗಿಸಿ ಕೊಟ್ಟವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಅಂಕಪಟ್ಟಿ, ಟಿ.ಸಿ. ತಿರುಗಿ ಕೊಡಿ ಎಂದೆ. ಆ ಮನುಷ್ಯ ತಲೆ ಎತ್ತದೆ, “ತಂದಿ ಬಂದು ಬರದು ಕೊಡ್ಲಿ, ಆಮ್ಯಾಲ ನೋಡೋಣ” ಎಂದ. ತೆಗೆದುಕೊಳ್ಳುವಾಗ ತಾಯಿಯ ಸಹಿ ಸಾಕಾಗಿತ್ತು, ಕೊಡುವಾಗ ತಂದೆ ಬೇಕು. ಇಂಥವರು ಮಕ್ಕಳಿಗೆ ಏನು ಕಲಿಸುತ್ತಾರೆ ಹೇಳಿ. ಗುರುವಾರ ರಜೆ ಹಾಕಿ ಹೊರಟು ಬನ್ನಿ, ಶುಕ್ರವಾರ ಇಬ್ಬರೂ ಹೋಗೋಣ.

ಸಿದ್ದಿ ನಿಮ್ಮ ಪಾದಕ್ಕೆ ನಮಸ್ಕಾರ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಚಂದ್ರಭಾಗಾ

ತಾ.ಕ.: ಗೋರಖನಾಥ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಒಂದು ಮಾತನ್ನು ಬೇಕೆಂದೇ ಬಿಟ್ಟಿದ್ದೆ, ಬರೆದುಬಿಡುತ್ತೇನೆ. ನಾನು ಎದ್ದು ಬರುವಾಗ ಚೇರ್ಮನ್ನರು, ನಿಮಗೆ ಫೋನು ಮಾಡುತ್ತೇನೆ ಎಂದರು. ಸಿದ್ದಿ ಅಲ್ಲೇ ಉಳಿದರೆ ನಿಮಗೆ ಅದೇ ಕಾಲೇಜಿನಲ್ಲಿ ವಾಚ್‌ಮನ್ ಕೆಲಸವಂತೆ. ಭಾಲ್ಕಿಯಲ್ಲೇ, ದಿನಾ ಸಂಜೆ ಮನೆಗೆ ಬರಬಹುದು. ಆರು ವರ್ಷದಿಂದ ನಾನು ದೇವರ ಹತ್ತಿರ ಬೇಡಿದ್ದು ಇದನ್ನೇ. ಕೇಳಿದ ಕೂಡಲೇ ಆಸೆಯಾಯಿತು; ಆಸೆಯಾಯಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಒಲ್ಲೆ ಅನ್ನಿ. ಅಂಕಪಟ್ಟಿ ಬಿಡಿಸಿಕೊಟ್ಟು ಭಾನುವಾರ ಹೈದರಾಬಾದಿಗೆ ತಿರುಗಿ ಹೋಗಿ. ಸ್ಟೇಷನ್ನಿಗೆ ಬಿಡಲು ನಾನೇ ಬರುತ್ತೇನೆ.